ಅತ್ತೆಯ ಕಾಲಿನ ಸೂಜ

ಒಂದು ಮಳೆಗಾಲ ಪೂರ್ತಿ ನನ್ನ ಅತ್ತೆ ನಡೆಯಲಿಲ್ಲ. ಕಾಲಿಗೆ ಶಕ್ತಿ ಇತ್ತು. ನಡೆಯಬಾರದೆಂದು ಅವರೇ ನಿಶ್ಚಯಿಸಿಬಿಟ್ಟಿದ್ದರು. ನಡೆದರೆ ಕಾಲು ಉಳಿಯುತ್ತದೆ, ಕೂತರೆ ಹೋಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಹೇಳುವಾಗ ನಾನಿದ್ದೆ, ನನ್ನ ಗಂಡ ಇದ್ದರು, ಅತ್ತೆಯೂ ಇದ್ದರು. ಮೂವರೂ ಒಂದೇ ಮಾತು ಕೇಳಿಸಿಕೊಂಡು ಹೊರಗೆ ಬಂದೆವೆಂದು ನಾನು ನಂಬಿದ್ದೆ.

ಅದು ತೊಂಬತ್ತೇಳರ ಮಳೆಗಾಲವೋ ತೊಂಬತ್ತೆಂಟರದೋ ಖಚಿತವಾಗಿ ಹೇಳಲಾರೆ. ಧಾರವಾಡದಲ್ಲಿ ಎಂ.ಎ. ಓದುವಾಗಿನಿಂದ ದಿನಚರಿ ಬರೆಯುತ್ತ ಬಂದವಳು ನಾನು. ಆದರೂ ಆ ತಿಂಗಳುಗಳ ಪುಟಗಳಲ್ಲಿ ಗ್ಯಾಸ್ ಸಿಲಿಂಡರಿನ ತಾಪತ್ರಯವಿದೆ, ಮಗಳ ಕೆಮ್ಮಿದೆ, ಆಫೀಸಿನಲ್ಲಿ ಯಾರೋ ಆಡಿದ ಚುಚ್ಚುಮಾತಿದೆ. ಅತ್ತೆಯ ಕಾಲಿನ ಬಗ್ಗೆ ‘ಹಾಗೇ ಇದೆ’ ಎಂದಷ್ಟೇ ಇದೆ. ಭಯವಾದಾಗ ನಾನು ಬರೆಯುವುದಿಲ್ಲ ಎಂಬುದು ನನಗೆ ತಡವಾಗಿ ತಿಳಿದ ಸಂಗತಿ. ಹೀಗಾಗಿ ಇಲ್ಲಿ ಹೇಳುತ್ತಿರುವುದು ನೆನಪಿನಿಂದ. ನನ್ನ ನೆನಪಿಗೆ ಕತೆಯನ್ನು ಸರಿಮಾಡಿ ಜೋಡಿಸುವ ಚಟ ಇದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅತ್ತೆ ಬಿಜಾಪುರದಿಂದ ನನ್ನ ಬಾಣಂತನಕ್ಕೆ ಬಂದವರು ಪುಣೆಯಲ್ಲೇ ಉಳಿದುಕೊಂಡರು. ನಮ್ಮ ಮನೆ ಕಾತ್ರಜದ ಕಡೆ, ಸಾತಾರಾ ರಸ್ತೆಗೆ ಹತ್ತಿರ. ಪಡಸಾಲೆಯ ಕಿಟಕಿಯಲ್ಲಿ ಕೂತರೆ ಬೆಳಗಾವಿ, ಹುಬ್ಬಳ್ಳಿಗೆ ಹೋಗುವ ಬಸ್ಸುಗಳು ಕಾಣುತ್ತಿದ್ದವು. ಬಿಜಾಪುರದ ಬಸ್ಸು ಸೊಲ್ಲಾಪುರದ ರಸ್ತೆ ಹಿಡಿಯುವುದರಿಂದ ಅದೊಂದು ಕಾಣುತ್ತಿರಲಿಲ್ಲ. “ಎಲ್ಲಾರ ಊರಿನ ಬಸ್ಸು ಹೊಂಟಾವ, ನಮ್ಮೂರಿಂದಷ್ಟ ಏನ ಪಾಪ ಮಾಡೇದ” ಎಂದು ಅವರು ದಿನವೂ ಅನ್ನುತ್ತಿದ್ದರು. ಮರಾಠಿ ಅವರಿಗೆ ಬರುತ್ತಿರಲಿಲ್ಲ. ತರಕಾರಿಯವಳ ಜೊತೆ ಬೆಲೆ ಕೇಳುವಷ್ಟು, ಬೇಡ ಎನ್ನುವಷ್ಟು ಕಲಿತು ನಿಲ್ಲಿಸಿದ್ದರು. ಮನೆಯೊಳಗೆ ಕನ್ನಡ ಇತ್ತು, ಮೇಲಿನ ಮಹಡಿಯಲ್ಲಿ ಸೊಲ್ಲಾಪುರದ ಕನ್ನಡದವರಿದ್ದರು, ಅಷ್ಟು ಸಾಕು.

ಅವರ ಮೈ ದೊಡ್ಡದು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ನೋಡಿ, “ಇದೇನವಾ, ಕಡ್ಡೀಗೆ ಸೀರಿ ಸುತ್ತಿ ಕಳಿಸ್ಯಾರ” ಎಂದಿದ್ದರು. ಮೈ ತುಂಬಿಕೊಂಡಿರುವುದು ಅವರ ಲೆಕ್ಕದಲ್ಲಿ ಮುಂಜಾಗ್ರತೆ. “ಮೈಯಾಗ ನಾಕು ತುತ್ತು ಹೆಚ್ಚಿಗಿ ಇರಬೇಕು. ಜಡ್ಡು ಬಂದ್ರ ಅದಕ್ಕೂ ತಿನ್ಲಿಕ್ಕೆ ಏನರ ಬೇಕಲ್ಲ. ಮೊದಲ ಕೊಬ್ಬು ತಿಂತದ, ಆಮ್ಯಾಲ ಮನಷ್ಯಾನ್ನ ತಿಂತದ.” ನನಗೆ ಆ ಮಾತು ಬಹಳ ಹಿಡಿಸಿತ್ತು. ನಿಜವೂ ಹೌದೆನ್ನಿಸಿತ್ತು. ಅತ್ತೆಯ ತೋಳಿನ ಮೇಲೆ ತಲೆಯಿಟ್ಟು ನನ್ನ ಮಗಳು ನಿದ್ದೆ ಹೋಗುವುದನ್ನು ನೋಡಿದರೆ, ಆ ಕೊಬ್ಬಿನಿಂದ ಯಾರಿಗೂ ಕೆಡುಕಾಗುವಂತೆ ಕಾಣುತ್ತಿರಲಿಲ್ಲ.

ಮೊದಲು ಪಾದ ಊದಿತು. ಅತ್ತೆ ಅದನ್ನು ಪಕ್ಕದ ಮನೆಯ ಮರಾಠಿ ಬಾಯಿಯವರಿಗೆ ಅಂಗಳದಲ್ಲಿ ನಿಂತು ಕನ್ನಡದಲ್ಲೇ ಹೇಳಿದರು: “ಕಾಲಿಗೆ ಬಾವು ಬಂದದ್ರಿ ಬಾಯಿ.” ಮಾರನೆಯ ಬೆಳಿಗ್ಗೆ ಆ ಬಾಯಿ ಒಂದು ತಟ್ಟೆ ಶಿರಾ ಮಾಡಿಕೊಂಡು ಬಂದು, “ಭಾವೂ ಕುಠೇ ಆಹೇತ?” ಎಂದು ಒಳಗೆ ಇಣುಕಿದರು. ಮರಾಠಿಯಲ್ಲಿ ಭಾವೂ ಎಂದರೆ ಅಣ್ಣತಮ್ಮ, ಅವರು ಎಲ್ಲಿದ್ದಾರೆ ಎಂದು ಕೇಳಿದ್ದು. ಬಿಜಾಪುರದಿಂದ ಅತ್ತೆಯ ತಮ್ಮ ಬಂದಿದ್ದಾನೆಂದು ಅವರು ತಿಳಿದಿದ್ದರು. ನಾನು ನಕ್ಕು ಬಿಡಿಸಿ ಹೇಳಿದೆ, ಅವರೂ ನಕ್ಕರು. ಅತ್ತೆ ಮಾತ್ರ ತಟ್ಟೆಯನ್ನು ಕೈಬಿಡಲಿಲ್ಲ. “ನನ್ನ ತಮ್ಮ ಸತ್ತು ಎಷ್ಟೋ ವರ್ಷಾತು. ಅವನ ಹೆಸರಿಲೆ ಬಂದದ್ದು, ತಿರುಗಿ ಕಳಿಸಬಾರದು” ಎಂದು ಕೂತು ಪೂರ್ತಿ ತಿಂದರು. ಇಂಥದ್ದೊಂದು ಕಣ್ಣೆದುರೇ ನಡೆದಿದ್ದರೂ ಮುಂದೆ ನಡೆದದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ಈಗ ಆಶ್ಚರ್ಯವಾಗುತ್ತದೆ.

ಊತ ಇಳಿಯಿತು, ನೋವು ಬಂತು. ಹಾಲಿನ ಅಂಗಡಿಯವರೆಗೆ ಹೋಗುವಷ್ಟರಲ್ಲಿ ಬಲಗಾಲಿನ ಮೀನಖಂಡ ಹಿಂಡಿದ ಹಾಗಾಗುತ್ತಿತ್ತು. ನಿಂತರೆ ಹೋಗುತ್ತಿತ್ತು, ಮತ್ತೆ ನಡೆದರೆ ಬರುತ್ತಿತ್ತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಸ್ವಾರಗೇಟಿನ ಹತ್ತಿರದ ಒಬ್ಬ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ವಯಸ್ಸಿನಲ್ಲಿ ಚಿಕ್ಕವರು, ಮಾತು ಜಾಸ್ತಿ, ಕೈ ಮೃದು. ಅತ್ತೆಯ ಪಾದದ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿ ನಾಡಿ ಹುಡುಕಿದರು. ತೊಡೆಸಂದಿಯಲ್ಲಿ ಹುಡುಕಿದರು, ಮಂಡಿಯ ಹಿಂದೆ ಹುಡುಕಿದರು, ಮತ್ತೆ ಪಾದಕ್ಕೆ ಬಂದರು.

ಆಮೇಲೆ ಅವರು ನನ್ನ ಕಡೆ ತಿರುಗಿ ಮರಾಠಿಯಲ್ಲಿ ವಿವರಿಸಿದರು. ಹೊಟ್ಟೆಯ ಸುತ್ತಲಿನ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಒಳಗೊಳಗೇ ಕಾವು ಕಾಯುತ್ತಿರುತ್ತದೆ. ಆ ಕಾವಿಗೆ ರಕ್ತನಾಳಗಳ ಒಳಮೈ ಕೆಡುತ್ತದೆ, ದಪ್ಪಗಾಗುತ್ತದೆ, ಹಾದಿ ಕಿರಿದಾಗುತ್ತದೆ. ವಯಸ್ಸು, ಸಕ್ಕರೆ ಎರಡೂ ಅದಕ್ಕೆ ಗಾಳಿ ಹಾಕುತ್ತವೆ. ಕೊನೆಗೆ ಅತ್ತೆಯ ಕಡೆ ನೋಡಿ, ಅವರಿಗೂ ತಿಳಿಯಲೆಂದು ನಿಧಾನವಾಗಿ ಹೇಳಿದರು: “ಆಜೀ, ರಕ್ತವಾಹಿನ್ಯಾಂನಾ ಆತೂನ ಸೂಜ ಆಹೆ. ಹೀ ಸೂಜ ಪಾಯಾಪಾಸೂನ ಹೃದಯಾಪರ್ಯಂತ ಅಸತೆ.” ಅಜ್ಜೀ, ರಕ್ತನಾಳಗಳಿಗೆ ಒಳಗಿಂದ ಬಾವು ಬಂದಿದೆ, ಈ ಬಾವು ಕಾಲಿನಿಂದ ಹೃದಯದವರೆಗೂ ಇರುತ್ತದೆ ಎಂದು ಅದರ ಅರ್ಥ. ಮರಾಠಿಯಲ್ಲಿ ಸೂಜ ಎಂದರೆ ಬಾವು. ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಅವರಿಗೆ ಅರ್ಥವಾಯಿತೆಂದು ಡಾಕ್ಟರಿಗೂ ಸಮಾಧಾನವಾಯಿತು.

ಔಷಧಿಗಿಂತ ನಡಿಗೆ ಮುಖ್ಯ ಎಂದರು ಡಾಕ್ಟರು. ನೋವು ಬರುವವರೆಗೆ ನಡೆಯಬೇಕು, ನಿಲ್ಲಬೇಕು, ಮತ್ತೆ ನಡೆಯಬೇಕು. ಹಾಗೆ ಮಾಡಿದರೆ ಅಕ್ಕಪಕ್ಕದ ಸಣ್ಣ ನಾಳಗಳು ಅಗಲವಾಗಿ ದಾರಿ ಬಿಡುತ್ತವೆ. ಇಲ್ಲವಾದರೆ ಮೊದಲು ಬೆರಳು ಕಪ್ಪಾಗುತ್ತದೆ, ಆಮೇಲೆ ಏನು ಮಾಡಬೇಕಾಗುತ್ತದೋ ನೋಡಬೇಕು. ಅವರು ಅಂಗೈಯ ಬದಿಯಿಂದ ಮೇಜಿನ ಅಂಚನ್ನು ಒಮ್ಮೆ ಕೊಯ್ದಂತೆ ಸವರಿದರು.

ಹೊರಗೆ ಬಂದು ರಿಕ್ಷಾ ಹತ್ತಿದ ಮೇಲೆ ಅತ್ತೆ ಕೇಳಿದರು: “ಒಳಗ ಏನ ಅದ ಅಂತ?”

“ಏನಿಲ್ಲವಾ. ಒಳಗ ಸೂಜ ಅದ, ಅಷ್ಟ” ಎಂದರು ನನ್ನ ಗಂಡ. ಹೀಗೆಂದು ನನ್ನ ನೆನಪು. ಆ ಮಾತು ಆಡಿದ್ದು ನಾನು ಎಂದು ಅವರ ನೆನಪು. ಇಬ್ಬರ ಬಾಯಲ್ಲೂ ಮರಾಠಿ ಶಬ್ದ ಕೇಳದೆ ನುಸುಳುತ್ತಿದ್ದ ಕಾಲ ಅದು. ಆಫೀಸಿನಿಂದ ಮನೆಗೆ ತರುವ ಧೂಳಿನ ಹಾಗೆ ಬರುತ್ತಿತ್ತು, ಜಾಡಿಸಿಕೊಳ್ಳುತ್ತಿರಲಿಲ್ಲ. ಈ ವಿಷಯದಲ್ಲಿ ನಮ್ಮಿಬ್ಬರ ಜಗಳ ಇವತ್ತಿಗೂ ಇತ್ಯರ್ಥವಾಗಿಲ್ಲ.

ಅಂದಿನಿಂದ ಅತ್ತೆ ಕೂತರು.

ಮನೆ ನೆಲಮಹಡಿಯಲ್ಲಿತ್ತು, ಮೆಟ್ಟಿಲಿನ ನೆಪವೂ ಇರಲಿಲ್ಲ. ಬಾಗಿಲು ದಾಟಿದರೆ ಸಿಮೆಂಟಿನ ಅಂಗಳ, ಅದರಾಚೆ ಓಣಿ. ನಾನು ಆಫೀಸಿಗೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಕರೆಯುತ್ತಿದ್ದೆ. “ನಾಳೆ ನೋಡೂಣು” ಎನ್ನುತ್ತಿದ್ದರು. ಬಚ್ಚಲಿಗೆ ಹೋಗುವಾಗಲೂ ತುಂಬಿದ ಕೊಡ ಹೊತ್ತವರ ಹಾಗೆ, ಮೈ ಅಲುಗದಂತೆ, ಗೋಡೆ ಹಿಡಿದು ಹೋಗುತ್ತಿದ್ದರು. ಮೊಮ್ಮಗಳು ಓಡಿಬಂದು ಕಾಲಿಗೆ ತೆಕ್ಕೆಬಿದ್ದರೆ ಬೆಚ್ಚಿ ಬೀಳುತ್ತಿದ್ದರು. “ಕಾಲ ಮುಟ್ಟಬ್ಯಾಡ ಕೂಸ, ಅಲ್ಲಾಡ್ತದ.” ಏನು ಅಲ್ಲಾಡುತ್ತದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು ಎಂದು ಅನ್ನಿಸುವುದು ಈಗ.

ಆಗ ನನಗೆ ಅನ್ನಿಸಿದ್ದೇ ಬೇರೆ. ರೊಟ್ಟಿ ಕಡಿಮೆ ಮಾಡಿದ್ದೆ, ಶೇಂಗಾ ಚಟ್ನಿಪುಡಿಯ ಮೇಲೆ ಎಣ್ಣೆ ಹಾಕುವುದನ್ನು ನಿಲ್ಲಿಸಿದ್ದೆ, ಹಾಲಿನ ಕೆನೆ ತೆಗೆಯುತ್ತಿದ್ದೆ. ಅದರ ಸಿಟ್ಟು ಇರಬೇಕು ಎಂದುಕೊಂಡೆ. ಮೇಲಿನ ಮಹಡಿಯವರ ಹತ್ತಿರ, “ನಮ್ಮ ಸೊಸಿ ಎಂ.ಎ. ಮಾಡ್ಯಾಳ, ಅದಕ್ಕ ಅನ್ನ ತೂಕ ಮಾಡಿ ಹಾಕ್ತಾಳ” ಎಂದು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಆದರೆ ಹಾಕಿದ್ದನ್ನೂ ಅವರು ಪೂರ್ತಿ ತಿನ್ನುತ್ತಿರಲಿಲ್ಲ. ಮೈ ಕರಗಲಿಲ್ಲ, ಮುಖ ಮಾತ್ರ ಸಣ್ಣದಾಗುತ್ತ ಬಂತು. ರಾತ್ರಿ ಮಲಗಿದಾಗಲೂ ಕಾಲು ನೋಯಲು ಶುರುವಾಯಿತು. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟುಕೊಂಡು ಮಲಗುತ್ತಿದ್ದರು. ಹಾಗೆ ಮಲಗುವುದು ಒಳ್ಳೆಯ ಲಕ್ಷಣವಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು.

ನಾಡಿ ನೋಡುವುದನ್ನು ಡಾಕ್ಟರು ನನಗೆ ಕಲಿಸಿಕೊಟ್ಟಿದ್ದರು. ಅತ್ತೆಯ ಪಾದವನ್ನು ಕಾರಣವಿಲ್ಲದೆ ಮುಟ್ಟುವುದು ಹೇಗೆ? ಬೆಳಿಗ್ಗೆ ಸ್ನಾನ ಮಾಡಿ ಬಂದು ನಮಸ್ಕಾರ ಮಾಡಲು ಶುರುಮಾಡಿದೆ. ಬಗ್ಗಿ, ಪಾದದ ಮೇಲೆ ಬೆರಳಿಟ್ಟು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಾಗೇ ಇರುತ್ತಿದ್ದೆ. ಎಡಪಾದದಲ್ಲಿ ಕ್ಷೀಣವಾಗಿ ಏನೋ ತಟ್ಟುತ್ತಿತ್ತು. ಬಲಪಾದದಲ್ಲಿ ತಟ್ಟಿದ್ದು ಅವರ ನಾಡಿಯೋ ನನ್ನ ಬೆರಳ ತುದಿಯದೋ ತಿಳಿಯುತ್ತಿರಲಿಲ್ಲ.

“ಏನ ನಮ್ಮವಾ, ದಿನಾ ದೀಪಾವಳಿ ನಡಸೀಯಲ್ಲ” ಎಂದರು ಒಂದು ದಿನ. “ಮೊದಲ ವರ್ಷಕ್ಕೊಮ್ಮೆ ಕಾಲಿಗೆ ಬೀಳಲಿಕ್ಕೂ ಸೊಂಟ ಹಿಡೀತಿತ್ತು ನಿನಗ.”

“ಆಶೀರ್ವಾದ ಮಾಡ್ರಿ.”

“ಮಾಡೇನಿ ಏಳು. ಎಷ್ಟ ಹೊತ್ತು ಹಿಡ್ಕೊಂಡಿರ್ತಿ, ಏನ ಕಸಗೊಂಡು ಹೋಗಾಕಿ ಅದೀ ಏನ?”

ಗಣಪತಿ ಹಬ್ಬದ ಹೊತ್ತಿಗೆ ಬಲಗಾಲಿನ ಹೆಬ್ಬೆರಳ ಪಕ್ಕದ ಬೆರಳು ಬಣ್ಣ ಬದಲಿಸಿತು. ಕಾಲುಂಗುರ ಹಾಕುತ್ತಿದ್ದ ಬೆರಳು. ಮಾವನವರು ತೀರಿಕೊಂಡಾಗ ಉಂಗುರ ತೆಗೆದು ವರ್ಷಗಳಾದರೂ ಅದರ ಸುತ್ತ ಬಿಳಿಯ ಗೆರೆ ಉಳಿದಿತ್ತು. ಆ ಗೆರೆಯ ಆಚೆಗೆ ಬೆರಳು ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ತಣ್ಣಗೆ. ಡಾಕ್ಟರನ್ನು ಮನೆಗೇ ಕರೆಸಿದೆವು. ಅವರು ಅತ್ತೆಯ ಎದುರು ನಗುನಗುತ್ತಲೇ ಮಾತಾಡಿ, ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, ಗಾಯವಾಗುವ ಮುಂಚೆ ಇವರನ್ನು ಎಬ್ಬಿಸಿ ನಡೆಸಿ, ಒಮ್ಮೆ ಗಾಯವಾದರೆ ನಡೆಸುವುದಕ್ಕೂ ಬರುವುದಿಲ್ಲ, ಬೆರಳಿಗೇ ನಿಲ್ಲುತ್ತದೆಂದು ನಾನು ಭರವಸೆ ಕೊಡಲಾರೆ ಎಂದರು. ನಾನು ಗೇಟಿನ ಕಬ್ಬಿಣ ಹಿಡಿದುಕೊಂಡು ಹ್ಞೂಂ ಹ್ಞೂಂ ಎನ್ನುತ್ತಿದ್ದೆ. ಒಳಗೆ ಹೋಗಿ ಅತ್ತೆಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಹೆದರಿಸಿದರೆ ನಡೆಯುತ್ತಾರೋ ಇನ್ನಷ್ಟು ಮುದುಡಿಕೊಳ್ಳುತ್ತಾರೋ?

ಅದೇ ವಾರ ಫ್ರಿಜ್ಜಿನ ಬಾಗಿಲ ಮೇಲಿನ ಹಣ್ಣುಗಳು ಕಾಣೆಯಾದವು. ಮಗಳಿಗೆಂದು ತಂದ ಪ್ಲಾಸ್ಟಿಕ್ಕಿನ ಬಾಳೆಹಣ್ಣು, ಸ್ಟ್ರಾಬೆರಿ, ದ್ರಾಕ್ಷಿಗೊಂಚಲು, ಹಿಂದೆ ಅಯಸ್ಕಾಂತ ಇರುವಂಥವು. ಮಗಳು ಅತ್ತು ರಂಪ ಮಾಡಿದಳು. ಒಂದು ಶನಿವಾರ ನಾನು ಬೇಗ ಮನೆಗೆ ಬಂದಾಗ ಅತ್ತೆ ಕಿಟಕಿಯ ಪಕ್ಕ ಸೀರೆ ಮಂಡಿಯವರೆಗೆ ಎತ್ತಿಕೊಂಡು ಕೂತಿದ್ದರು. ಕೈಯಲ್ಲಿ ಸ್ಟ್ರಾಬೆರಿ. ಅದನ್ನು ಮಂಡಿಯಿಂದ ಪಾದದ ಕಡೆಗೆ ಬಹಳ ನಿಧಾನವಾಗಿ, ಚರ್ಮಕ್ಕೆ ಒತ್ತಿ, ಎಳೆಯುತ್ತಿದ್ದರು. ಕೆಳಗೆ ಮುಟ್ಟಿದ ಮೇಲೆ ಎತ್ತಿ ಮತ್ತೆ ಮಂಡಿಗಿಟ್ಟು ಕೆಳಗೆ ಎಳೆಯುತ್ತಿದ್ದರು.

“ಏನ ಮಾಡ್ಲಿಕ್ಕತ್ತೀರಿ ಅತ್ತಿ?”

ಅವರು ಮುಚ್ಚಿಡಲಿಲ್ಲ. “ಕೆಳಗ ಎಳೀಲಿಕ್ಕತ್ತೀನಿ. ಮ್ಯಾಲೇರಿದ್ರ ಎದಿಗೆ ಹೋಗ್ತದಂತಲ್ಲ.”

“ಏನು?”

“ಸೂಜಿ.”

ನಾನು ಚಪ್ಪಲಿ ಬಿಡದೆ ಅಲ್ಲೇ ನೆಲದ ಮೇಲೆ ಕೂತೆ. ಅವರು ಹೇಳುತ್ತ ಹೋದರು. ಮದುವೆಯಾಗಿ ಬಂದ ಹೊಸದರಲ್ಲಿ ಬಿಜಾಪುರದ ಮನೆಯಲ್ಲಿ ಹಳೆಯ ಸೀರೆಗಳ ಕೌದಿ ಹೊಲಿಯುತ್ತ ಕೂತಿದ್ದರಂತೆ. ಎದ್ದು ಮತ್ತೆ ಕೂರುವಾಗ ಕೌದಿಯಲ್ಲಿ ಚುಚ್ಚಿಟ್ಟಿದ್ದ ಸೂಜಿ ಬಲಗಾಲಿಗೆ ನೆಟ್ಟು ಮುರಿಯಿತು. ಕಣ್ಣಿರುವ ಅರ್ಧ ಸಿಕ್ಕಿತು. ಮೊನೆಯಿರುವ ಅರ್ಧ ಸಿಗಲಿಲ್ಲ. ಕೌದಿ ಬಿಚ್ಚಿ ಅರಿವೆ ಅರಿವೆ ಜಾಡಿಸಿ ನೋಡಿದರೂ ಸಿಗಲಿಲ್ಲ. ಮೈಯೊಳಗೆ ಹೋದ ಸೂಜಿ ನಡೆದಷ್ಟೂ ಮೇಲೇರುತ್ತದೆ, ಎದೆಗೆ ಮುಟ್ಟಿದರೆ ಮುಗಿಯಿತು ಎಂದು ಮನೆಯ ಹಿರಿಯರು ಅವರನ್ನು ಬಹಳ ದಿನ ಮಲಗಿಸಿಟ್ಟಿದ್ದರಂತೆ. ಏನೂ ಆಗಲಿಲ್ಲ. ಮಕ್ಕಳಾದವು, ಮರೆತರು.

“ಡಾಕ್ಟರ ಹೇಳಿದಾಗ ನೆನಪಾತು. ಎಷ್ಟ ಶಾಣ್ಯಾ ಅದಾನ ನೋಡು, ಬೆರಳಿಟ್ಟ ಹೇಳಿಬಿಟ್ಟ. ‘ಆತೂನ ಸೂಜಿ ಆಹೆ, ಹೃದಯಾಪರ್ಯಂತ’ ಅಂದ. ನೀವು ಅದರ ಮ್ಯಾಲ ದಿನಾ ನಡೀರಿ ನಡೀರಿ ಅಂತೀರಿ.” ನನ್ನ ಮುಖ ನೋಡದೆ ಅಂದರು: “ನಿಮಗೂ ಸಾಕಾಗಿರಬೇಕು ಅಂದ್ಕೊಂಡೆ.”

ಆ ಕೊನೆಯ ಮಾತು ಅವರು ನಿಜವಾಗಿ ಆಡಿದರೋ ನಾನು ಆಮೇಲೆ ಸೇರಿಸಿಕೊಂಡೆನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆಡಿದರೆಂದೇ ತೋರುತ್ತದೆ. ಇಂಥ ಮಾತನ್ನು ಹುಟ್ಟಿಸಿಕೊಳ್ಳುವಷ್ಟು ಧೈರ್ಯ ನನ್ನ ಮನಸ್ಸಿಗಿಲ್ಲ.

ಸಂಜೆ ನನ್ನ ಗಂಡನಿಗೆ ಹೇಳಿದೆ. ಅವರು ಮೊದಲು ಜೋರಾಗಿ ನಕ್ಕರು, ನಡುವೆ ನಿಲ್ಲಿಸಿದರು. ತಾಯಿಯ ಹತ್ತಿರ ಹೋಗಿ ಕೂತು, “ಅವ್ವಾ, ಸೂಜ ಅಂದ್ರ ಮರಾಠಿಯೊಳಗ ಬಾವು. ಸೂಜಿ ಅಲ್ಲ. ಸೂಜಿಗೆ ಅವರು ಸುಈ ಅಂತಾರ” ಎಂದರು.

“ಬಾವು ಎಲ್ಲದ? ಬಾವು ಇಳದು ಎಷ್ಟ ದಿನಾತು.”

“ಹೊರಗ ಅಲ್ಲ, ಒಳಗ.”

“ಒಳಗಿನ ಬಾವು ಹೊರಗಿಂದ ಹೆಂಗ ಕಾಣಸ್ತದ ಅವಗ? ನೀ ನನ್ನ ಸಮಾಧಾನಕ್ಕ ಹೇಳ್ತಿ. ನಿಮ್ಮಪ್ಪಗೂ ಹಿಂಗ ಹೇಳಿದ್ರಿ, ಏನಿಲ್ಲ ಏನಿಲ್ಲ ಅಂತ.”

ಮಾವನವರ ಕೊನೆಯ ದಿನಗಳಲ್ಲಿ ನಾವು ಅವರಿಗೆ ಹಾಗೆ ಹೇಳಿದ್ದು ನಿಜ.

ಕನ್ನಡದಲ್ಲಿ ಒಂದು ಸರಿಯಾದ ಪದ ಹೇಳಿದರೆ ತಿಳಿದೀತೆಂದು ನಾನು ನಿಘಂಟು ತೆಗೆದೆ. ಉರಿಯೂತ ಎಂದಿತ್ತು. ಓದಿ ಹೇಳಿದೆ. “ಉರೀನೂ ಇಲ್ಲ, ಊತಾನೂ ಇಲ್ಲ. ಇದ್ಯಾವ ಜಡ್ಡು?” ಎಂದರು ಅತ್ತೆ. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಉರಿಯದೆ ಉರಿಯುವ, ಊದದೆ ಊದುವ ಕಾಯಿಲೆಯನ್ನು ಯಾವ ಭಾಷೆಯಲ್ಲಿ ಹೇಳಿದರೂ ಕೇಳುವವರಿಗೆ ಹಿಡಿಯಲು ಏನೂ ಇರುವುದಿಲ್ಲ. ಸೂಜಿಯಾದರೆ ಹಿಡಿಯಲು ಬರುತ್ತದೆ.

ಎಕ್ಸ್‌ರೇ ತೆಗೆಸೋಣ, ಕಬ್ಬಿಣ ಇದ್ದರೆ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ನನ್ನ ಗಂಡ ಹೇಳಿದಾಗ ಅತ್ತೆ ಒಪ್ಪಿದರು. ಡಾಕ್ಟರು ಕತೆ ಕೇಳಿ ತುಟಿ ಕಚ್ಚಿ ನಗು ತಡೆದು ಚೀಟಿ ಬರೆದುಕೊಟ್ಟರು. ಎಕ್ಸ್‌ರೇ ಕೋಣೆಗೆ ಅವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದೆವು. ಎರಡೂ ಕಾಲನ್ನು ಪಕ್ಕಪಕ್ಕ ಇಟ್ಟು ಒಂದೇ ಹಾಳೆಯಲ್ಲಿ ತೆಗೆದರು.

ಡಾಕ್ಟರು ಅದನ್ನು ಬೆಳಕಿನ ಡಬ್ಬಿಗೆ ಸಿಕ್ಕಿಸಿದರು. ನಾನು ಮುಂದೆ ಬಗ್ಗಿದೆ. ಬಲಗಾಲಿನ ಎರಡು ಎಲುಬುಗಳ ನಡುವೆ, ಪಾದದ ಕಡೆಗೆ ಇಳಿಯುವಂತೆ, ತೆಳ್ಳಗೆ, ಬಿಳಿಯಾಗಿ ಒಂದು ಗೆರೆ ಇತ್ತು.

“ಹೋಗಲಿ ಬಿಡ್ರಿ, ಸಿಕ್ತಲ್ಲ” ಎಂದರು ಅತ್ತೆ. ಅವರ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಅವರ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು, ತಣ್ಣಗಿತ್ತು.

ಡಾಕ್ಟರು ಕನ್ನಡಕ ಏರಿಸಿ ನೋಡಿದರು. ಅದು ಸೂಜಿಯಲ್ಲ, ರಕ್ತನಾಳವೇ ಎಂದು ಹೇಳಿದರು. ಆರೋಗ್ಯವಂತರ ನಾಳ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ವರ್ಷಗಟ್ಟಲೆ ಒಳಗೆ ಕಾವು ಕಾದು ಗೋಡೆಯಲ್ಲಿ ಸುಣ್ಣ ಕಟ್ಟಿದ್ದರಿಂದ ಇದು ಕಂಡಿದೆ ಎಂದರು. ನಾನು ಅದನ್ನು ಕನ್ನಡಕ್ಕೆ ತರಲು ಹೋಗಿ ತಡವರಿಸಿದೆ. ಎಲ್ಲಿ ಯಾವ ಶಬ್ದ ಮತ್ತೇನಾಗಿ ಕೇಳಿಸುತ್ತದೋ ಎಂಬ ಹೆದರಿಕೆ. ಸುಣ್ಣ ಎನ್ನಲೇ? ಸುಣ್ಣ ಅಂದರೆ ಎಲೆಅಡಿಕೆಯ ಸುಣ್ಣ ಎಂದುಕೊಂಡರೆ? ನಾಳ ಎನ್ನಲೇ, ನರ ಎನ್ನಲೇ?

ನಾನು ಹೀಗೆ ಪದ ಹುಡುಕುತ್ತಿರುವಾಗ ಅತ್ತೆ ಎದ್ದು ಆ ಡಬ್ಬಿಯ ಹತ್ತಿರ ಹೋದರು. ಕುರ್ಚಿಯಿಂದ ಎರಡೇ ಹೆಜ್ಜೆ. ಅವರು ತಾವಾಗಿ ಎದ್ದದ್ದು ನಮಗೆ ಯಾರಿಗೂ ಆಗ ಗಮನಕ್ಕೇ ಬರಲಿಲ್ಲ. ಬೆರಳಿನಿಂದ ಬಲಗಾಲಿನ ಗೆರೆ ಮುಟ್ಟಿದರು. ಆಮೇಲೆ ಎಡಗಾಲಿನ ಮೇಲೆ ಬೆರಳು ಸರಿಸಿದರು. ಅಲ್ಲೂ ಇತ್ತು, ಇನ್ನೂ ತೆಳ್ಳಗೆ.

“ಇದರಾಗೂ ಅದಲ್ಲ.”

“ಹೌದು” ಎಂದೆ.

“ಎರಡೂ ಕಾಲಾಗ ಸೂಜಿ ಎಲ್ಲಿ ಮುರದಿತ್ತು ನನಗ? ಮುರದದ್ದು ಒಂದ.”

ಡಾಕ್ಟರು ನನ್ನ ಕಡೆ ನೋಡಿದರು, ಏನಂತೆ ಎಂದು. ಅತ್ತೆ ಗಾಲಿಕುರ್ಚಿಗೆ ವಾಪಸು ಬಂದು ಕೂತರು. ನನ್ನ ಗಂಡ ಉತ್ಸಾಹದಿಂದ, “ಮತ್ತ? ಹೇಳಿದ್ದೆನಿಲ್ಲ ಅವ್ವಾ?” ಎಂದರು. ಅತ್ತೆ ಅವರನ್ನು ಕನಿಕರದಿಂದ ನೋಡಿದಂತೆ ನನಗೆ ನೆನಪು.

“ಸೂಜಿ ಆಗಿದ್ರ ತಗೀಬಹುದಿತ್ತಪಾ” ಎಂದರು.

ಆವರೆಗೆ ನನಗೆ ಇದ್ದದ್ದು ಅವರ ಕಾಲಿನ ಭಯ. ಆ ಮಾತಿನಿಂದ ಬಂದದ್ದು ಬೇರೆ ಭಯ, ಅದು ಆಮೇಲೆ ಪೂರ್ತಿ ಹೋಗಲಿಲ್ಲ. ತೆಗೆಯಲಾಗದ, ಹೊರಗಿನಿಂದ ಬಾರದ, ಬೆಳಗ್ಗೆ ಸಂಜೆ ನಾವೇ ಬಡಿಸಿಕೊಂಡು ಬೆಳೆಸಿದ ಒಂದು ವಸ್ತು ಮೈಯ ತುಂಬ ಇರಬಹುದು, ಇದ್ದೂ ಯಾವ ಸದ್ದೂ ಮಾಡದೆ ಇರಬಹುದು. ಎರಡು ಸಾವಿರದ ಇಸವಿ ದಾಟಿದ ಮೇಲೆ ಪತ್ರಿಕೆಗಳ ಪುರವಣಿಗಳಲ್ಲಿ ಇದೇ ವಿಷಯ ವಾರವಾರ ಬರತೊಡಗಿತು. ಹೊಟ್ಟೆಯ ಸುತ್ತಳತೆ, ರಕ್ತನಾಳ, ಒಳಗಿನ ಉರಿ. ನನ್ನ ವಯಸ್ಸಿನ ಹೆಂಗಸರು ಆಫೀಸಿನಲ್ಲಿ ಅದನ್ನು ಕತ್ತರಿಸಿ ಹಂಚಿಕೊಳ್ಳುತ್ತಿದ್ದರು. ಅಷ್ಟು ಹೊತ್ತಿಗೆ ಕಡ್ಡಿಗೆ ಸುತ್ತಿದ ಸೀರೆ ನನಗೂ ಸಾಲದಾಗಿತ್ತು. ಕುರ್ಚಿಯಿಂದ ಏಳುವಾಗ ಮೀನಖಂಡ ಹಿಡಿದರೆ ಇದು ದಣಿವೋ ಶುರುವೋ ಎಂದು ನಿಂತು ಯೋಚಿಸುತ್ತೇನೆ. ಇದನ್ನು ಬರೆಯುವಾಗಲೂ ಒಮ್ಮೆ ಎದ್ದು ನಡೆದು ಬಂದೆ.

ಅತ್ತೆ ನಡೆದರು. ಮಾರನೆಯ ದಿನದಿಂದಲೇ ನಡೆದರು ಎಂದು ಬರೆಯಲು ಕೈ ತವಕಿಸುತ್ತದೆ. ಹಾಗಿರಲಿಲ್ಲ. ಒಂದೆರಡು ದಿನ ಸುಮ್ಮನೆ ಮಲಗಿದ್ದರು. ಮೂರನೆಯದೋ ನಾಲ್ಕನೆಯದೋ ಬೆಳಿಗ್ಗೆ ತಾವೇ ಸೀರೆ ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತು, “ಬರ್ತೀಯೋ ಹೆಂಗ?” ಎಂದರು. ಓಣಿಯಲ್ಲಿ ನೀರು ನಿಂತಿತ್ತು. ಮೆತ್ತನೆಯ ಚಪ್ಪಲಿ ತಂದಿಟ್ಟಿದ್ದೆವು. ಎಲ್ಲಿ ಕಲ್ಲು ತಾಗಿ ಗಾಯವಾಗುತ್ತದೋ ಎಂದು ನಾನು ಅವರ ಪಾದದ ಮೇಲೇ ಕಣ್ಣಿಟ್ಟು ನಡೆದೆ, ಎರಡು ಸಲ ನಾನೇ ಎಡವಿದೆ.

“ಮುಂದ ನೋಡಿಕೋತ ನಡಿ. ನನ್ನ ಕಾಲು ನಾ ನೋಡ್ಕೋತೀನಿ, ನಿನ್ನ ಕಾಲ ಯಾರ ನೋಡವರು?”

ಹಾಲಿನ ಅಂಗಡಿಗೆ ಇನ್ನೂ ದೂರವಿದ್ದಾಗಲೇ ನೋವು ಬಂತು. ಅವರು ಕಂಪೌಂಡ್ ಗೋಡೆಗೆ ಕೈಕೊಟ್ಟು ನಿಂತರು. ಮುಖ ಬಿಳಿಚಿತ್ತು. ವಾಪಸು ಹೋಗೋಣ ಎಂದೆ. “ತಡಿ, ಇನ್ನೂ ಅದ.” ಸ್ಕೂಟರುಗಳು ನೀರು ಹಾರಿಸುತ್ತ ಹೋದವು. ಪಕ್ಕದ ಮನೆಯ ಬಾಯಿ ತರಕಾರಿ ಚೀಲ ಹಿಡಿದು ಬಂದವರು ನಮ್ಮ ಜೊತೆ ನಿಂತರು, ಯಾಕೆಂದು ಕೇಳಲಿಲ್ಲ. “ಹಾಂ, ಹೋತು” ಎಂದು ಅತ್ತೆ ಕೈ ತೆಗೆದರು. ಮತ್ತೆ ನಡೆದರು. ಹೀಗೆ ಬರುವುದು, ನಿಲ್ಲುವುದು, ಹೋಗುವುದು. ನೋವಿಗೆ ಅವರು ಮನೆಗೆ ಬರುವ ನೆಂಟರಿಗೆ ಮಾಡುವಷ್ಟೇ ಮರ್ಯಾದೆ ಮಾಡುತ್ತಿದ್ದರು. ಬಂದರೆ ಬಾ ಎನ್ನುವುದು, ಹೊರಟರೆ ತಡೆಯದಿರುವುದು. ನನಗೆ ಮಾತ್ರ ಪ್ರತಿ ಸಲ ಅವರು ನಿಂತಾಗಲೂ ಇದು ಕಾಲೋ, ಎದೆಯೋ ಎಂಬ ಪ್ರಶ್ನೆ. ಡಾಕ್ಟರು ಕಾಲಿನಿಂದ ಹೃದಯದವರೆಗೆ ಎಂದಿದ್ದರು. ಅದನ್ನು ಸರಿಯಾಗಿ ಕೇಳಿಸಿಕೊಂಡವಳು ನಾನೇ.

ಬೆರಳಿನ ಬಣ್ಣ ಬೇಗ ತಿಳಿಯಾಗಲಿಲ್ಲ. ದಸರೆಗೆ ಹಾಗೇ ಇತ್ತು. ದೀಪಾವಳಿಯಲ್ಲಿ ಒಮ್ಮೆ ಇನ್ನೂ ಕಪ್ಪಾದಂತೆ ಕಂಡು ನಾನು ದೀಪದ ಬೆಳಕು, ಟ್ಯೂಬ್‌ಲೈಟು, ಹಗಲು ಮೂರರಲ್ಲೂ ನೋಡಿದೆ. ಚಳಿ ಬಂದ ಮೇಲೆ ಉಣ್ಣೆಯ ಕಾಲುಚೀಲ ಹಾಕಿ, ದಿನಕ್ಕೊಮ್ಮೆ ತೆಗೆದು ಬೆರಳುಗಳ ಸಂದಿ ನೋಡುವ ಕೆಲಸ ನನ್ನದಾಯಿತು. ನಮಸ್ಕಾರದ ನೆಪ ಬಿಟ್ಟೆವು. ಅವರೇ ಕಾಲು ಚಾಚುತ್ತಿದ್ದರು. “ನೋಡು, ಅದನಾ ನಾಡಿ?” “ಅದ.” “ಸುಳ್ಳ ಹೇಳಬ್ಯಾಡ.” “ಅದ ಅನಸ್ತದ.” ಅನ್ನಿಸುತ್ತದೆ ಎಂದರೆ ಅವರಿಗೆ ನಂಬಿಕೆ ಬರುತ್ತಿತ್ತು, ಇದೆ ಎಂದರೆ ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರಲ್ಲಿಗೆ ಹೋದೆವು. ಅವರು ಕಾಲುಚೀಲ ತೆಗೆದು ಆ ಬೆರಳನ್ನು ತಮ್ಮ ಹೆಬ್ಬೆರಳಿನಿಂದ ಒತ್ತಿದರು. ಬೆರಳು ಬೆಳ್ಳಗಾಯಿತು. ಕೈ ಬಿಟ್ಟರು. ನಾವು ನಾಲ್ವರೂ ಬಗ್ಗಿ ನೋಡಿದೆವು. ಬಿಳುಪು ಹಾಗೇ ನಿಂತಿತು. ನಿಂತೇ ಇದೆ ಎನ್ನಿಸಿತು. ಹೊರಗೆ ಬಸ್ಸಿನ ಹಾರ್ನು ಕೇಳಿಸಿತು, ನನ್ನ ಗಂಡ ಉಸಿರೆಳೆದದ್ದು ಕೇಳಿಸಿತು. ಆಮೇಲೆ ಉಗುರಿನ ಬುಡದಿಂದ, ಯಾರೋ ಮನಸ್ಸಿಲ್ಲದೆ ಬಾಗಿಲು ತೆರೆದ ಹಾಗೆ, ತೆಳುವಾದ ಕೆಂಪು ಬಂತು.

ಈಗ ಕೊಯ್ಯುವ ಮಾತಿಲ್ಲ, ನಡಿಗೆ ಬಿಡಬಾರದು, ಬಿಟ್ಟರೆ ಮತ್ತೆ ಮೊದಲಿಂದ ಎಂದರು ಡಾಕ್ಟರು. ಎಷ್ಟು ದಿನ ನಡೆಯಬೇಕು ಎಂದು ನಾನು ಕೇಳಿದೆ. ಅವರು ಕಾಲುಚೀಲವನ್ನು ಅತ್ತೆಯ ಕೈಗೆ ಕೊಟ್ಟರು.

“ಏನಂದಾ?” ಎಂದರು ಅತ್ತೆ.

ನಾನು ಒಂದೊಂದೇ ಪದ ಆರಿಸಿ ಹೇಳಿದೆ: “ಕಾಲು ಉಳೀತು. ನಡೀತಿರಬೇಕು.”

“ಎಲ್ಲಿತ್ತನಾ?”

“ಇರೋತನಾ.”

ಅತ್ತೆ ಕಾಲುಚೀಲ ಏರಿಸಿಕೊಂಡು ಎದ್ದರು. ನನ್ನ ಗಂಡ ರಿಕ್ಷಾ ತರಲು ಹೊರಟಾಗ ಬೇಡ ಎಂದು ಕೈಯಾಡಿಸಿದರು. ಸ್ವಾರಗೇಟಿನ ಬಸ್ ನಿಲ್ದಾಣದ ಕಡೆಗೆ, ಮಧ್ಯಾಹ್ನದ ಬಿಸಿಲಿನಲ್ಲಿ, ನಾವಿಬ್ಬರೂ ಅವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದೆವು. ಅವರು ಒಂದು ಸಲ ನಿಂತರು. ನಾವೂ ನಿಂತೆವು.